ಬೇಕಾದ ಅಕ್ಷರಗಳಿರುವ ಇಂಗ್ಲಿಷ್ ಪದಗಳ ಹುಡುಕಾಟ ತಪ್ಪಿದಾಗ: ದೋಷ ಪತ್ತೆ ಮತ್ತು ನಿವಾರಣೆ

ಲಕ್ಷಣ

ಊರಿನ ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಪ್ರೌಢಶಾಲೆಯ ಮಕ್ಕಳಿಗೆ ನಾನು ಇಂಗ್ಲಿಷ್ ಪದಗಳ ಅಭ್ಯಾಸ ಮಾಡಿಸುತ್ತೇನೆ. ಒಂದು ವಾರದ ಅಭ್ಯಾಸಕ್ಕೆ ಎ, ಇ, ಐ, ಓ, ಯು ಎಂಬ ಐದೂ ಸ್ವರಾಕ್ಷರಗಳಿರುವ ಪದಗಳನ್ನು ಕಲೆಹಾಕಬೇಕಿತ್ತು. ಪದಪಟ್ಟಿಯ ಕಡತವೊಂದನ್ನು ಓದಿ, ಕೇಳಿದ ಅಕ್ಷರಗಳಿರುವ ಪದಗಳನ್ನಷ್ಟೇ ಹೊರಗೆ ಕೊಡುವ ಚಿಕ್ಕ ಪ್ರೋಗ್ರಾಂ ನನ್ನ ಬಳಿ ಇತ್ತು. ಅದನ್ನು ಓಡಿಸಿದಾಗ ಪರದೆಯ ತುಂಬ ಪದಗಳು ಬಂದವು. ಎಜುಕೇಶನ್ ಇತ್ತು; ಐದೂ ಸ್ವರಗಳು ವರ್ಣಮಾಲೆಯ ಕ್ರಮದಲ್ಲೇ ಬರುವ ಫಸೀಶಸ್ (ಎಫ್, ಎ, ಸಿ, ಇ, ಟಿ, ಐ, ಓ, ಯು, ಎಸ್) ಇತ್ತು. ಆದರೆ ಏಳೇ ಅಕ್ಷರಗಳಲ್ಲಿ ಐದು ಸ್ವರಗಳನ್ನು ಹಿಡಿದಿಟ್ಟುಕೊಂಡಿರುವ ಸೆಕ್ವೋಯ (ಎಸ್, ಇ, ಕ್ಯೂ, ಯು, ಓ, ಐ, ಎ), ಕ್ಯಾಲಿಫೋರ್ನಿಯದ ಆ ದೈತ್ಯ ಮರದ ಹೆಸರು, ಎಷ್ಟು ಹುಡುಕಿದರೂ ಇರಲಿಲ್ಲ. ನಾನು ಮಕ್ಕಳಿಗೆ ತೋರಿಸಬೇಕೆಂದುಕೊಂಡಿದ್ದೇ ಆ ಪದ.

ಇಂತಹ ದೋಷ ನಾಲ್ಕು ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ಪದವೂ ಸಿಗದಿರಬಹುದು. ಪಟ್ಟಿಯ ಅರ್ಧಕ್ಕರ್ಧ ಪದಗಳೇ ಬಂದು ಸುರಿಯಬಹುದು. ಉಳಿದದ್ದೆಲ್ಲ ಸರಿಯಿದ್ದು ಇರಲೇಬೇಕಾದ ಕೆಲವು ಪದಗಳು ಮಾತ್ರ ಕಾಣೆಯಾಗಬಹುದು. ಸಿಕ್ಕ ಪದವನ್ನು ಆಟವೋ ನಿಘಂಟೋ ಒಪ್ಪದಿರಬಹುದು. ಮೊದಲ ಎರಡು ರೂಪಗಳು ಕಣ್ಣಿಗೆ ಬಿದ್ದ ಕೂಡಲೇ ಗೊತ್ತಾಗುತ್ತವೆ. ಮೂರನೆಯದು ಅತ್ಯಂತ ಅಪಾಯಕಾರಿ, ಏಕೆಂದರೆ ಬಾರದ ಪದ ತಾನು ಬಂದಿಲ್ಲವೆಂದು ಹೇಳುವುದಿಲ್ಲ. ಸೆಕ್ವೋಯ ನನಗೆ ಮೊದಲೇ ಗೊತ್ತಿರದಿದ್ದರೆ, ಆ ಫಲಿತಾಂಶವನ್ನು ಪೂರ್ಣವೆಂದು ನಂಬಿ ಮಕ್ಕಳ ಕೈಗೆ ಕೊಟ್ಟುಬಿಡುತ್ತಿದ್ದೆ.

ಈ ಬರಹದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಅವುಗಳ ಹೆಸರಿನಿಂದಲೂ ಪದಗಳನ್ನು ಉಚ್ಚಾರಣೆಯಂತೆಯೂ ಬರೆದು, ಅಗತ್ಯವಿರುವೆಡೆ ಅಕ್ಷರ ಬಿಡಿಸಿ ತೋರಿಸಿದ್ದೇನೆ.

ಮೊದಲು ಪ್ರಶ್ನೆಯನ್ನೇ ಪರೀಕ್ಷಿಸಿ

"ಈ ಅಕ್ಷರಗಳಿರುವ ಪದ" ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಅಡಗಿವೆ. ಕೊಟ್ಟ ಅಕ್ಷರಗಳೆಲ್ಲವೂ ಪದದಲ್ಲಿರಬೇಕು, ಬೇರೆ ಅಕ್ಷರಗಳು ಇದ್ದರೂ ಅಡ್ಡಿಯಿಲ್ಲ ಎಂಬುದು ಮೊದಲನೆಯದು. ಪದದಲ್ಲಿರುವುದೆಲ್ಲವೂ ಕೊಟ್ಟ ಅಕ್ಷರಗಳೇ ಆಗಿರಬೇಕು, ಆದರೆ ಎಲ್ಲವೂ ಬಳಕೆಯಾಗಬೇಕೆಂದಿಲ್ಲ ಎಂಬುದು ಎರಡನೆಯದು. ಕೊಟ್ಟ ಅಕ್ಷರಗಳೆಲ್ಲವೂ, ಕೊಟ್ಟಷ್ಟೇ ಸಲ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಬರಬೇಕು ಎಂಬುದು ಮೂರನೆಯದು. ಐದು ಸ್ವರಗಳ ಹುಡುಕಾಟ ಮೊದಲ ಬಗೆಯದು. ಸ್ಕ್ರಾಬಲ್ ಆಟದಲ್ಲಿ ಕೈಯಲ್ಲಿರುವ ಏಳು ಬಿಲ್ಲೆಗಳಿಂದ ಪದ ಕಟ್ಟುವುದು ಎರಡನೆಯ ಬಗೆಯದು. ಲಿಸನ್ ಪದದ ಅಕ್ಷರಗಳನ್ನು ಮರುಜೋಡಿಸಿ ಸೈಲೆಂಟ್, ಎನ್‌ಲಿಸ್ಟ್, ಟಿನ್ಸೆಲ್ ಎಂಬ ಪದಗಳನ್ನು ಪಡೆಯುವುದು ಮೂರನೆಯ ಬಗೆಯದು.

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸ್ಪೆಲ್ಲಿಂಗ್ ಬೀ ಆಟ ಮೊದಲೆರಡು ಪ್ರಶ್ನೆಗಳನ್ನು ಬೆರೆಸುತ್ತದೆ. ಅಲ್ಲಿ ಏಳು ಅಕ್ಷರಗಳನ್ನು ಕೊಡುತ್ತಾರೆ. ನಡುವಿನ ಅಕ್ಷರ ಇರಲೇಬೇಕು. ಉಳಿದ ಆರರಲ್ಲಿ ಯಾವುದನ್ನಾದರೂ ಎಷ್ಟು ಸಲ ಬೇಕಾದರೂ ಬಳಸಬಹುದು. ಪದಕ್ಕೆ ಕನಿಷ್ಠ ನಾಲ್ಕು ಅಕ್ಷರಗಳಿರಬೇಕು. ಈ ಆಟಕ್ಕೆ ಸಹಾಯವಾಗಲೆಂದು ಬರೆದ ಪ್ರೋಗ್ರಾಂನಲ್ಲಿ ಸ್ಕ್ರಾಬಲ್‌ನ ಲೆಕ್ಕವನ್ನು ತಂದಿಟ್ಟರೆ, ಅಂದರೆ ಒಂದು ಅಕ್ಷರವನ್ನು ಒಂದೇ ಸಲ ಬಳಸಬಹುದೆಂದು ಭಾವಿಸಿದರೆ, ಉತ್ತರಗಳಲ್ಲಿ ದೊಡ್ಡ ಭಾಗ ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಪೈಥಾನ್‌ನಂತಹ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಮೊದಲನೆಯ ಮತ್ತು ಎರಡನೆಯ ಪ್ರಶ್ನೆಗಳ ನಡುವಿನ ಅಂತರ ಒಂದೇ ಒಂದು ಚಿಹ್ನೆಯದು. ಅಕ್ಷರಗಳ ಎರಡು ಗಣಗಳ (ಸೆಟ್‌ಗಳ) ನಡುವೆ "ಒಳಗೊಳ್ಳುತ್ತದೆ" ಎಂಬ ಚಿಹ್ನೆಯ ಬಾಯಿ ಎಡಕ್ಕೆ ತೆರೆದಿದ್ದರೆ ಒಂದು ಅರ್ಥ, ಬಲಕ್ಕೆ ತೆರೆದಿದ್ದರೆ ಇನ್ನೊಂದು. ಇದನ್ನು ತಿರುವುಮುರುವು ಮಾಡಿಕೊಂಡವರು ಬಹಳ. ಗುರುತಿಸುವ ಬಗೆ ಸುಲಭ: ಐದು ಸ್ವರಗಳನ್ನು ಕೇಳಿದಾಗ ಬಂದ ಪದಗಳೆಲ್ಲ ಒಂದೆರಡು ಅಕ್ಷರದ ಪುಟಾಣಿಗಳಾಗಿದ್ದು, ಅವುಗಳಲ್ಲಿ ಒಂದೂ ವ್ಯಂಜನವಿಲ್ಲದಿದ್ದರೆ ಚಿಹ್ನೆ ತಿರುಗಿದೆ ಎಂದೇ ಅರ್ಥ.

ಕೇಳಿದ ಅಕ್ಷರ, ಬರೆದುಕೊಂಡ ಅಕ್ಷರ

ಕನ್ನಡ ಮನೆಮಾತಿನವರಲ್ಲಿ ಪದೇ ಪದೇ ಕಂಡುಬರುವ ಒಂದು ದೋಷವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂಗ್ಲಿಷ್‌ನಲ್ಲಿ ಬರೆದ ಕೈಪಿಡಿಗಳಲ್ಲಿ ಇದರ ಸುಳಿವೇ ಇರುವುದಿಲ್ಲ. ಕನ್ನಡದಲ್ಲಿ ಅಕ್ಷರದ ಹೆಸರೂ ಅದರ ಧ್ವನಿಯೂ ಒಂದೇ. ಇಂಗ್ಲಿಷ್‌ನಲ್ಲಿ ಹಾಗಲ್ಲ. "ಇ" ಎಂಬ ಹೆಸರಿನ ಇಂಗ್ಲಿಷ್ ಅಕ್ಷರ ಬೆಡ್, ಪೆನ್ ಮುಂತಾದ ಪದಗಳಲ್ಲಿ ನಮ್ಮ ಎಕಾರದಂತೆ ನುಡಿಯುತ್ತದೆ. ನಮ್ಮ ಇಕಾರದ ಧ್ವನಿ ಪಿನ್, ಫಿಶ್ ಪದಗಳಲ್ಲಿ "ಐ" ಎಂಬ ಹೆಸರಿನ ಅಕ್ಷರದಿಂದ ಬರುತ್ತದೆ. "ಎ" ಎಂಬ ಹೆಸರಿನ ಅಕ್ಷರವಂತೂ ನಮ್ಮ ಎಕಾರವೇ ಅಲ್ಲ. ಹೀಗಿರುವಾಗ ಒಬ್ಬರು ಬಾಯಲ್ಲಿ ಹೇಳಿ ಇನ್ನೊಬ್ಬರು ಬರೆದುಕೊಂಡ ಅಕ್ಷರಗಳಲ್ಲಿ ಈ ಮೂರು ಅದಲುಬದಲಾಗುವುದು ಸಹಜ. ಫೋನಿನಲ್ಲಿ ಹೇಳಿದ್ದಾದರೆ ಬಿ, ಡಿ, ಪಿ, ಟಿ ಅಕ್ಷರಗಳೂ ಎಂ, ಎನ್ ಅಕ್ಷರಗಳೂ ಒಂದಕ್ಕೊಂದು ಬೆರೆತುಹೋಗುತ್ತವೆ. ಫಲಿತಾಂಶ ಶೂನ್ಯವಾಗಿದ್ದರೆ, ಪ್ರೋಗ್ರಾಂ ತೆರೆಯುವ ಮೊದಲು ಪ್ರಶ್ನೆ ಬಂದ ದಾರಿಯನ್ನು ವಿಚಾರಿಸಿ.

ಇದರ ಜೊತೆಯಲ್ಲೇ ಬರುವ ಇನ್ನೊಂದು ದೋಷವೆಂದರೆ ಧ್ವನಿಯನ್ನು ಅಕ್ಷರವೆಂದು ತಿಳಿಯುವುದು. ಎಫ್ ಇರುವ ಪದಗಳ ಪಟ್ಟಿಯಲ್ಲಿ ಎಲಿಫೆಂಟ್ ಏಕಿಲ್ಲವೆಂದು ಹುಡುಗಿಯೊಬ್ಬಳು ಕೇಳಿದಳು. ಅಲ್ಲಿ ಫಕಾರದ ಧ್ವನಿ ಬರುವುದು ಪಿ ಮತ್ತು ಎಚ್ ಜೋಡಿಯಿಂದ; ಲಾಫ್, ಇನಫ್ ಪದಗಳಲ್ಲಿ ಅದೇ ಧ್ವನಿ ಜಿ ಮತ್ತು ಎಚ್ ಜೋಡಿಯಿಂದ ಬರುತ್ತದೆ. ಶಕಾರದ ಧ್ವನಿಗಂತೂ ಶಿಪ್ ಪದದಲ್ಲಿ ಒಂದು ಬರವಣಿಗೆ, ಮಶೀನ್ ಪದದಲ್ಲಿ ಇನ್ನೊಂದು, ನೇಶನ್ ಪದದಲ್ಲಿ ಮತ್ತೊಂದು, ಶುಗರ್ ಪದದಲ್ಲಿ ಮಗದೊಂದು. ಲಿಸನ್ ಪದದಲ್ಲಿ ಟಿ ಇದೆ, ಆದರೆ ಕಿವಿಗೆ ಕೇಳುವುದಿಲ್ಲ. ಅಕ್ಷರ ಹುಡುಕುವ ಪ್ರೋಗ್ರಾಂಗೆ ಕಿವಿಯಿಲ್ಲ. ಧ್ವನಿಯನ್ನು ಹುಡುಕಬೇಕಾದರೆ ಉಚ್ಚಾರಣೆಯ ನಿಘಂಟು ಬೇರೆಯೇ ಬೇಕು.

ಅಕ್ಷರಗಳನ್ನು ಫೋನಿನಲ್ಲಿ ಒತ್ತಿದ್ದರೆ ಇನ್ನೂ ಮೂರು ಸಂಗತಿಗಳನ್ನು ನೋಡಿ. ಕೀಲಿಮಣೆ ಮೊದಲ ಅಕ್ಷರವನ್ನು ತಾನಾಗಿ ದೊಡ್ಡಕ್ಷರ ಮಾಡಿಬಿಡುತ್ತದೆ, ಪಟ್ಟಿಯಲ್ಲಿರುವುದು ಸಣ್ಣಕ್ಷರ, ಹೊಂದಿಕೆ ಆಗುವುದಿಲ್ಲ. ಸೂಚಿಸಿದ ಪದವನ್ನು ಆಯ್ದುಕೊಂಡಾಗ ಕೊನೆಗೆ ಒಂದು ಖಾಲಿ ಜಾಗ ಸೇರಿಕೊಳ್ಳುತ್ತದೆ, ಆ ಖಾಲಿಯನ್ನೂ ಒಂದು ಅಕ್ಷರವೆಂದು ಪ್ರೋಗ್ರಾಂ ಹುಡುಕಿದರೆ ಯಾವ ಪದವೂ ಸಿಗುವುದಿಲ್ಲ. ಮೂರನೆಯದು ಕನ್ನಡದಲ್ಲಿ ಬಂದ ಸಂದೇಶದಿಂದ ಅಕ್ಷರಗಳನ್ನು ನಕಲಿಸಿಕೊಂಡಾಗ ಆಗುವಂಥದ್ದು: ಒತ್ತಕ್ಷರವಾಗದಂತೆ ತಡೆಯಲು ಕನ್ನಡ ಟೈಪಿಂಗ್‌ನಲ್ಲಿ ಬಳಸುವ, ಅಗಲವೇ ಇಲ್ಲದ ಕಾಣದ ಚಿಹ್ನೆಯೊಂದು ಇಂಗ್ಲಿಷ್ ಅಕ್ಷರಗಳ ಬೆನ್ನಿಗೆ ಅಂಟಿಕೊಂಡು ಬರುತ್ತದೆ. ಕಣ್ಣಿಗೆ ಐದು ಅಕ್ಷರ, ಯಂತ್ರಕ್ಕೆ ಆರು. ಕೊಟ್ಟ ಅಕ್ಷರಗಳ ಉದ್ದವನ್ನು ಪ್ರೋಗ್ರಾಂನಿಂದಲೇ ಎಣಿಸಿ ಮುದ್ರಿಸಿಕೊಂಡರೆ ಈ ಮೂರರಲ್ಲಿ ಕೊನೆಯ ಎರಡು ಅಲ್ಲೇ ಸಿಕ್ಕಿಬೀಳುತ್ತವೆ.

ಹೊಂದಿಕೆಯ ನಿಯಮ

ಪಟ್ಟಿಯ ಅರ್ಧದಷ್ಟು ಪದಗಳು ಬಂದು ಸುರಿದಾಗ ಬಹುಪಾಲು ತಪ್ಪು ಇರುವುದು ಇಲ್ಲಿ. ಕಡತದಲ್ಲಿ ಕೇಳಿದ ನಮೂನೆಗೆ ಹೊಂದುವ ಸಾಲುಗಳನ್ನು ಹುಡುಕಿಕೊಡುವ ಗ್ರೆಪ್ ಆಜ್ಞೆಯನ್ನು ಕೆನ್ ಥಾಂಪ್ಸನ್ ಕಾರ್ಯಾಚರಣ ವ್ಯವಸ್ಥೆಯಾದ ಯೂನಿಕ್ಸ್‌ಗಾಗಿ ಬರೆದು 50 ವರ್ಷ ದಾಟಿದೆ. ಅದು ಬಳಸುವ ನಮೂನೆಗಳ ಭಾಷೆಯನ್ನೇ ಇಂದಿನ ಬಹುತೇಕ ಸಂಪಾದಕಗಳೂ ಭಾಷೆಗಳೂ ಸ್ವಲ್ಪ ಹೆಚ್ಚುಕಡಿಮೆಯೊಂದಿಗೆ ಬಳಸುತ್ತವೆ. ಆ ಭಾಷೆಯಲ್ಲಿ ಎ, ಇ, ಟಿ ಅಕ್ಷರಗಳನ್ನು ಚೌಕ ಆವರಣದೊಳಗೆ ಬರೆದರೆ "ಈ ಮೂರರಲ್ಲಿ ಯಾವುದಾದರೂ ಒಂದು" ಎಂದು ಅರ್ಥ, "ಮೂರೂ" ಎಂದಲ್ಲ. ಇಂಗ್ಲಿಷ್‌ನಲ್ಲಿ ಇ, ಎ, ಟಿ ಅತಿ ಹೆಚ್ಚು ಬಳಕೆಯಾಗುವ ಅಕ್ಷರಗಳ ಸಾಲಿನವಾದ್ದರಿಂದ ಈ ನಮೂನೆಗೆ ಸಿಗದ ಪದವೇ ವಿರಳ. ಆವರಣವಿಲ್ಲದೆ ಒಟ್ಟಿಗೆ ಬರೆದರೆ "ಇದೇ ಕ್ರಮದಲ್ಲಿ, ಒಂದರ ಪಕ್ಕ ಒಂದು" ಎಂದಾಗುತ್ತದೆ. ಆಗ ಪದಗಳು ವಿಪರೀತ ಕಡಿಮೆಯಾಗುತ್ತವೆ. ನಡುವೆ, ಯಾವ ಅಕ್ಷರವಾದರೂ ಎಷ್ಟಾದರೂ ಬರಲಿ ಎಂದು ಹೇಳುವ ಚುಕ್ಕೆ ಮತ್ತು ನಕ್ಷತ್ರ ಸೇರಿಸಿದರೆ ಅಂತರಕ್ಕೆ ಅವಕಾಶ ಸಿಗುತ್ತದೆಯೇ ಹೊರತು ಕ್ರಮ ಬಿಗಿಯಾಗಿಯೇ ಉಳಿಯುತ್ತದೆ. ಐದು ಸ್ವರಗಳನ್ನು ಹೀಗೆ ಕೇಳಿದವರಿಗೆ ಫಸೀಶಸ್, ಆಬ್ಸ್ಟೀಮಿಯಸ್ ಸಿಗುತ್ತವೆ. ಇ, ಯು, ಎ, ಐ, ಓ ಕ್ರಮದಲ್ಲಿ ಸ್ವರಗಳು ಬರುವ ಎಜುಕೇಶನ್ ಸಿಗುವುದಿಲ್ಲ.

ಕ್ರಮದ ಹಂಗಿಲ್ಲದೆ ಎಲ್ಲ ಅಕ್ಷರಗಳೂ ಇರಬೇಕೆಂದರೆ ಒಂದೊಂದು ಅಕ್ಷರಕ್ಕೆ ಒಂದೊಂದು ಜರಡಿ ಹಿಡಿಯುವುದು ನನಗೆ ಅತ್ಯಂತ ನಂಬಿಕೆಯ ವಿಧಾನ. ಎ ಇರುವ ಪದಗಳನ್ನು ಮೊದಲು ಸೋಸಿ, ಬಂದದ್ದನ್ನು ಪೈಪ್ ಚಿಹ್ನೆಯ ಮೂಲಕ ಮುಂದಿನ ಗ್ರೆಪ್‌ಗೆ ಹಾಯಿಸಿ ಇ ಇರುವುದನ್ನು ಸೋಸಿ, ಹೀಗೆ ಕೊನೆಯವರೆಗೆ ಮುಂದುವರಿಯಬೇಕು. ಮುಂದೆ ಇಂತಹ ಅಕ್ಷರವಿದೆಯೇ ಎಂದು ಮೊದಲೇ ನೋಡುವ ಮುನ್ನೋಟದ (ಲುಕ್‌ಅಹೆಡ್) ನಮೂನೆಗಳನ್ನು ಬಳಸಿ ಇದನ್ನೆಲ್ಲ ಒಂದೇ ಸಾಲಿನಲ್ಲಿ ಬರೆಯಬಹುದು, ನಿಜ. ಆದರೆ ತಪ್ಪು ಹುಡುಕುವಾಗ ಆ ಒಂದು ಸಾಲಿನ ಒಳಗೆ ಇಣುಕಲು ಕಿಂಡಿಯೇ ಇರುವುದಿಲ್ಲ. ಜರಡಿಗಳ ಸಾಲಿನಲ್ಲಾದರೆ ಪ್ರತಿಯೊಂದರ ಆಚೆಗೆ ಉಳಿದ ಪದಗಳ ಎಣಿಕೆಯನ್ನು ಬರೆದುಕೊಳ್ಳಬಹುದು. ಎಣಿಕೆ ಒಂದೊಂದು ಹಂತದಲ್ಲೂ ಇಳಿಯುತ್ತ ಹೋಗಬೇಕು. ಒಂದು ಹಂತದಲ್ಲಿ ಇಳಿಯದೆ ಹಾಗೆಯೇ ನಿಂತರೆ ಆ ಜರಡಿ ಕೆಲಸ ಮಾಡುತ್ತಿಲ್ಲ. ಒಮ್ಮೆಲೇ ಸೊನ್ನೆಗೆ ಬಿದ್ದರೆ ಆ ಅಕ್ಷರವನ್ನೇ ಪರೀಕ್ಷಿಸಬೇಕು.

ದೊಡ್ಡಕ್ಷರ, ಸಣ್ಣಕ್ಷರಗಳ ಭೇದವನ್ನು ಇಲ್ಲಿಯೇ ತೀರ್ಮಾನಿಸಿಕೊಳ್ಳಿ. ಭೇದ ಬೇಡವೆಂದರೆ ಪಟ್ಟಿಯಲ್ಲಿರುವ ವ್ಯಕ್ತಿಗಳ, ಊರುಗಳ ಹೆಸರುಗಳೂ ಒಳಬರುತ್ತವೆ. ಅವು ಬೇಡವಾದರೆ ಮೊದಲು ದೊಡ್ಡಕ್ಷರವಿರುವ ಸಾಲುಗಳನ್ನು ತೆಗೆದುಹಾಕಿ, ಆಮೇಲೆ ಹುಡುಕಿ. ಎ ಇಂದ ಝಡ್‌ವರೆಗೆ ಎಂದು ವ್ಯಾಪ್ತಿ ಕೊಟ್ಟು ಸಣ್ಣಕ್ಷರಗಳನ್ನು ಮಾತ್ರ ಕೇಳಿದ್ದರೂ, ಗಣಕದ ಭಾಷಾ ವ್ಯವಸ್ಥೆಗೆ ಅನುಗುಣವಾಗಿ ಕೆಲವೆಡೆ ದೊಡ್ಡಕ್ಷರಗಳು ನುಸುಳುವುದುಂಟು; ಅಂತಹ ಕಡೆ ಆಜ್ಞೆಯನ್ನು ಯಾವ ಭಾಷೆಯ ನಿಯಮವನ್ನೂ ಹೇರದ ಸಿ ಲೊಕೇಲ್‌ನಲ್ಲಿ ಓಡಿಸಿದರೆ ಗೊಂದಲ ನಿಲ್ಲುತ್ತದೆ.

ಒಂದೇ ಅಕ್ಷರ ಎರಡು ಸಲ ಬೇಕಾದಾಗ

ಕಮಿಟಿ ಪದವನ್ನು ತೆಗೆದುಕೊಳ್ಳಿ: ಸಿ, ಓ, ಎಂ, ಎಂ, ಐ, ಟಿ, ಟಿ, ಇ, ಇ. ಮೂರು ಅಕ್ಷರಗಳು ಜೋಡಿಯಾಗಿ ಬರುವ ಈ ಪದವನ್ನು ತಪ್ಪಾಗಿ ಬರೆಯದ ಮಕ್ಕಳು ಕಡಿಮೆ, ತಪ್ಪಾಗಿ ಹುಡುಕದ ಪ್ರೋಗ್ರಾಂಗಳೂ ಕಡಿಮೆ. ಎರಡು ಎಂ, ಎರಡು ಟಿ ಇರುವ ಪದ ಬೇಕೆಂದು ಕೇಳಿದಾಗ ಎಂ ಒಂದೇ ಇರುವ ಪದಗಳೂ ಬರುತ್ತಿದ್ದರೆ, ಪ್ರೋಗ್ರಾಂ ಅಕ್ಷರಗಳನ್ನು ಎಣಿಸುತ್ತಿಲ್ಲ, ಇದೆಯೇ ಇಲ್ಲವೇ ಎಂದಷ್ಟೇ ನೋಡುತ್ತಿದೆ. ಗಣವಾಗಿ ಪರಿವರ್ತಿಸಿದ ಕ್ಷಣವೇ ಎರಡು ಎಂ ಒಂದಾಗಿಬಿಡುತ್ತದೆ. "ಕೊಟ್ಟ ಪ್ರತಿಯೊಂದು ಅಕ್ಷರವೂ ಪದದಲ್ಲಿದೆಯೇ" ಎಂದು ಸುತ್ತುಹಾಕಿ ಕೇಳುವ ವಿಧಾನದಲ್ಲೂ ಇದೇ ತೊಂದರೆ: ಮೊದಲ ಎಂ ಕಂಡದ್ದನ್ನೇ ಎರಡನೆಯ ಎಂ ಕೂಡ ಕಾಣುತ್ತದೆ. ಮೇಲೆ ಹೇಳಿದ ಜರಡಿ ವಿಧಾನವೂ ಇಲ್ಲಿ ಸೋಲುತ್ತದೆ. ಎಂ ಅಕ್ಷರದ ಜರಡಿಯನ್ನು ಎರಡು ಸಲ ಹಿಡಿದರೆ ಎರಡನೆಯ ಸಲ ಎಣಿಕೆ ಇಳಿಯುವುದೇ ಇಲ್ಲ. ಆ ಒಂದು ಹಂತಕ್ಕೆ ಎಂ, ಚುಕ್ಕೆ, ನಕ್ಷತ್ರ, ಎಂ ಎಂದು ಬರೆಯಬೇಕು. ಪೈಥಾನ್ ಬಳಸುವವರು ಅಕ್ಷರಗಳನ್ನು ಎಣಿಸಿಕೊಡುವ ಕೌಂಟರ್‌ನಿಂದ ಎರಡೂ ಕಡೆ ಎಣಿಸಿ ಹೋಲಿಸುವುದು ನೇರವಾದ ದಾರಿ.

ವೇಗಕ್ಕಾಗಿ ಬಳಸುವ ಎರಡು ತಂತ್ರಗಳು ತಮ್ಮದೇ ದೋಷಗಳನ್ನು ಹೊತ್ತು ತರುತ್ತವೆ. 26 ಅಕ್ಷರಗಳಿಗೆ 26 ಬಿಟ್‌ಗಳನ್ನು ಹಂಚಿ, ಪದವನ್ನು ಒಂದು ಸಂಖ್ಯೆಯಾಗಿಸಿ ಹೋಲಿಸುವುದು ಮೊದಲನೆಯದು. ಇದು ಅತ್ಯಂತ ವೇಗವಾದದ್ದು, ಆದರೆ ಗಣದಂತೆಯೇ ಇದಕ್ಕೂ ಎಣಿಕೆ ಗೊತ್ತಿಲ್ಲ. ಎರಡನೆಯದು ಅವಿಭಾಜ್ಯ ಸಂಖ್ಯೆಗಳ ತಂತ್ರ. ಎ ಅಕ್ಷರಕ್ಕೆ 2, ಬಿ ಅಕ್ಷರಕ್ಕೆ 3, ಸಿ ಅಕ್ಷರಕ್ಕೆ 5, ಹೀಗೆ ಝಡ್‌ಗೆ 26ನೆಯ ಅವಿಭಾಜ್ಯವಾದ 101 ಕೊಟ್ಟು, ಪದದ ಅಕ್ಷರಗಳ ಸಂಖ್ಯೆಗಳನ್ನೆಲ್ಲ ಗುಣಿಸುತ್ತಾರೆ. ಪದದ ಗುಣಲಬ್ಧವನ್ನು ಕೇಳಿದ ಅಕ್ಷರಗಳ ಗುಣಲಬ್ಧ ಶೇಷವಿಲ್ಲದೆ ಭಾಗಿಸಿದರೆ ಆ ಅಕ್ಷರಗಳು ಅಷ್ಟೂ ಸಲ ಪದದಲ್ಲಿವೆ. ಎಣಿಕೆಯೂ ಸರಿಬರುವ ಈ ತಂತ್ರ ನನಗೆ ಬಹಳ ಇಷ್ಟ. ಗಣಿತ ಇಷ್ಟು ಚೆನ್ನಾಗಿ ಪದಗಳಿಗೆ ಒದಗಿಬರುವುದನ್ನು ಮಕ್ಕಳಿಗೆ ತೋರಿಸುವಾಗ ಅವರ ಕಣ್ಣರಳುವುದನ್ನು ಕಂಡಿದ್ದೇನೆ.

ಆದರೆ ಇದು ಉದ್ದ ಪದಗಳಲ್ಲಿ ಕೈಕೊಡುತ್ತದೆ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳು ಕರಾರುವಾಕ್ಕಾಗಿ ಹಿಡಿದಿಡಬಲ್ಲ ಪೂರ್ಣಾಂಕದ ಮಿತಿ 2ರ 53ನೆಯ ಘಾತಕ್ಕೆ ಒಂದು ಕಡಿಮೆ, ಅಂದರೆ ಸುಮಾರು 9,007 ಲಕ್ಷ ಕೋಟಿ. ಕಾನ್‌ಸ್ಟಿಟ್ಯೂಶನ್ ಪದದ 12 ಅಕ್ಷರಗಳಲ್ಲಿ ಹತ್ತನೆಯದಕ್ಕೆ ಬರುವಷ್ಟರಲ್ಲೇ ಗುಣಲಬ್ಧ ಸುಮಾರು 9,357 ಲಕ್ಷ ಕೋಟಿಯಾಗಿ ಮಿತಿಯನ್ನು ದಾಟಿರುತ್ತದೆ. ಅಲ್ಲಿಂದ ಮುಂದೆ ಕೊನೆಯ ಅಂಕಿಗಳು ಅಂದಾಜಿನವಾಗುತ್ತವೆ, ಶೇಷ ತಪ್ಪಾಗುತ್ತದೆ, ದೋಷಸೂಚನೆ ಮಾತ್ರ ಬರುವುದಿಲ್ಲ. ಚಿಕ್ಕ ಪದಗಳೆಲ್ಲ ಸರಿಯಾಗಿ ಸಿಗುತ್ತಿದ್ದು ಉದ್ದ ಪದಗಳಷ್ಟೇ ಕಾಣೆಯಾಗುತ್ತಿದ್ದರೆ ಮೊದಲ ಅನುಮಾನ ಈ ಗುಣಾಕಾರದ ಮೇಲಿರಲಿ. ಪೈಥಾನ್‌ನಲ್ಲಿ ಪೂರ್ಣಾಂಕಗಳು ಬೇಕಾದಷ್ಟು ಬೆಳೆಯುತ್ತವೆಯಾದ್ದರಿಂದ ಅಲ್ಲಿ ಈ ದೋಷವಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಬಿಗ್‌ಇಂಟ್ ಎಂಬ, ಆ ಮಿತಿಯಿಲ್ಲದ ಪೂರ್ಣಾಂಕದ ಬಗೆಯನ್ನು ಬಳಸಬೇಕು.

ಐದಕ್ಷರದ ಗುಟ್ಟಿನ ಪದವನ್ನು ಊಹಿಸುವ ವರ್ಡಲ್ ಆಟಕ್ಕೆ ಸಹಾಯ ಮಾಡುವ ಪ್ರೋಗ್ರಾಂಗಳಲ್ಲೂ ಎಣಿಕೆಯ ದೋಷವೇ ಬೇರೆ ವೇಷದಲ್ಲಿ ಬರುತ್ತದೆ. ಬೂದುಬಣ್ಣ ಬಂದ ಅಕ್ಷರ ಉತ್ತರದಲ್ಲಿ ಇಲ್ಲವೇ ಇಲ್ಲ ಎಂದು ಅವು ಭಾವಿಸುತ್ತವೆ. ಉತ್ತರ ಕ್ರೇನ್ ಆಗಿರಲಿ, ಅಂದರೆ ಸಿ, ಆರ್, ಎ, ಎನ್, ಇ. ನೀವು ಈರೀ ಎಂಬ ಪದವನ್ನು, ಇ, ಇ, ಆರ್, ಐ, ಇ ಎಂದು ಕೊಟ್ಟರೆ ಕೊನೆಯ ಇ ಸರಿಯಾದ ಜಾಗದಲ್ಲಿರುವುದರಿಂದ ಹಸಿರಾಗುತ್ತದೆ, ಮೊದಲ ಎರಡು ಇ ಬೂದಾಗುತ್ತವೆ. ಆ ಬೂದು ಹೇಳುವುದು ಇ ಇಲ್ಲವೆಂದಲ್ಲ, ಒಂದಕ್ಕಿಂತ ಹೆಚ್ಚು ಇ ಇಲ್ಲವೆಂದು. ಪ್ರೋಗ್ರಾಂ ಇ ಇರುವ ಪದಗಳನ್ನೆಲ್ಲ ಕಿತ್ತೆಸೆದರೆ ಉತ್ತರವೂ ಅದರ ಜೊತೆಗೇ ಹೋಗುತ್ತದೆ.

ನಿಯಮವನ್ನು ತಿದ್ದಿದ ಮೇಲೆ ಅದನ್ನು ಪರೀಕ್ಷಿಸಲು ಲಕ್ಷ ಪದಗಳ ಪಟ್ಟಿ ಬೇಡ. ಐದಾರು ಪದಗಳ ಕಡತವೊಂದನ್ನು ಕೈಯಾರೆ ಬರೆದುಕೊಳ್ಳಿ. ನನ್ನದರಲ್ಲಿ ಬನಾನ, ಕಮಿಟಿ, ಲಿಸನ್, ಸೈಲೆಂಟ್, ಸೆಕ್ವೋಯ, ರಿದಮ್ ಇವೆ. ಎರಡು ಎನ್ ಕೇಳಿದರೆ ಬನಾನ ಮಾತ್ರ ಬರಬೇಕು. ಮೂರು ಎನ್ ಕೇಳಿದರೆ ಏನೂ ಬರಬಾರದು. ಐದು ಸ್ವರ ಕೇಳಿದರೆ ಸೆಕ್ವೋಯ ಮಾತ್ರ. ಐದರಲ್ಲಿ ಒಂದೂ ಇರಬಾರದೆಂದರೆ ರಿದಮ್ ಮಾತ್ರ, ಏಕೆಂದರೆ ಅದರ ಸ್ವರಧ್ವನಿಯನ್ನು ಹೊತ್ತಿರುವುದು ವೈ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯಿಂದ ಮಾತ್ರ ಪ್ರೋಗ್ರಾಂನ ತಪ್ಪು ಹೊರಬೀಳುತ್ತದೆ.

ನನ್ನ ಪ್ರೋಗ್ರಾಂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಸೆಕ್ವೋಯ ಬಂತು. ಹಾಗಾದರೆ ದೋಷ ಪ್ರೋಗ್ರಾಂನಲ್ಲಿ ಇರಲಿಲ್ಲ.

ಪಟ್ಟಿ

ಉಳಿದದ್ದು ಪದಪಟ್ಟಿ. ಕಡತ ತೆರೆದುಕೊಳ್ಳುತ್ತದೆ, ಮೊದಲ ಸಾಲುಗಳಲ್ಲಿ ಪದಗಳು ಕಾಣುತ್ತವೆ ಎಂಬಷ್ಟಕ್ಕೆ ಪಟ್ಟಿ ಸರಿಯಿದೆ ಎಂದು ನಾವು ನಂಬಿಬಿಡುತ್ತೇವೆ. ನಾನೂ ಎರಡು ಸಂಜೆ ಪ್ರೋಗ್ರಾಂ ತಿದ್ದುವುದರಲ್ಲೇ ಕಳೆದು, ಪಟ್ಟಿಯ ಕಡೆಗೆ ಕೊನೆಯಲ್ಲಿ ಬಂದೆ. ಈಗ ಬೇರೆಯವರಿಗೆ ಹೇಳುವಾಗ ಪ್ರೋಗ್ರಾಂ ಮುಟ್ಟುವ ಮೊದಲು ಪಟ್ಟಿಯನ್ನು ನೋಡಿ ಎನ್ನುತ್ತೇನೆ.

ಯಾವ ಪಟ್ಟಿ ಎಂಬುದೇ ಮೊದಲ ಪ್ರಶ್ನೆ. ಮ್ಯಾಕ್ ಗಣಕಗಳಲ್ಲಿ ಸಿದ್ಧವಾಗಿ ಬರುವ ಪದಪಟ್ಟಿ 1934ರ ವೆಬ್‌ಸ್ಟರ್ ನಿಘಂಟಿನ ಎರಡನೆಯ ಆವೃತ್ತಿಯನ್ನು ಆಧರಿಸಿದ್ದು. ಅದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪದಗಳಿವೆ, ಆದರೆ ಸಾಮಾನ್ಯ ಬಹುವಚನ ರೂಪಗಳು ಬಹುತೇಕ ಇಲ್ಲ, 1934ರ ಈಚೆಗೆ ಹುಟ್ಟಿದ ಪದಗಳೂ ಇಲ್ಲ. ಲಿನಕ್ಸ್‌ನ ರೂಪಗಳಾದ ಡೆಬಿಯನ್, ಉಬುಂಟುಗಳ ಪಟ್ಟಿ ಕೆವಿನ್ ಆಟ್ಕಿನ್ಸನ್ ಅವರ ಸ್ಕೌಲ್ ಸಂಗ್ರಹದಿಂದ ಬಂದದ್ದು. ಸುಮಾರು ಒಂದು ಲಕ್ಷ ಸಾಲುಗಳ ಆ ಪಟ್ಟಿಯಲ್ಲಿ ಅಪಾಸ್ಟ್ರಫಿ ಚಿಹ್ನೆ ಮತ್ತು ಎಸ್ ಸೇರಿದ ಷಷ್ಠಿ ರೂಪಗಳು ಬೇರೆ ಸಾಲುಗಳಾಗಿ ಕುಳಿತಿವೆ. ಎಸ್ ಕೇಳಿದಾಗ ಅವೂ ಬರುತ್ತವೆ, ಉದ್ದ ಎಣಿಸಿದಾಗ ಅಪಾಸ್ಟ್ರಫಿಯೂ ಒಂದು ಅಕ್ಷರವಾಗುತ್ತದೆ. ಪದಗಳ ಆಟಕ್ಕೆಂದೇ ಸಾರ್ವಜನಿಕರಿಗೆ ಮುಕ್ತವಾಗಿ ಬಿಟ್ಟಿರುವ ಎನೇಬಲ್ ಪಟ್ಟಿಯಲ್ಲಿ 1,72,000ಕ್ಕೂ ಹೆಚ್ಚು ಪದಗಳಿವೆ. ಅದರಲ್ಲಿ ಬಹುವಚನಗಳೂ ಕ್ರಿಯಾರೂಪಗಳೂ ಇವೆ, ಹೆಸರುಗಳೂ ಅಪಾಸ್ಟ್ರಫಿಯೂ ಇಲ್ಲ. ನಾನು ಬಳಸುತ್ತಿದ್ದುದು ಇದನ್ನೇ.

ಬರವಣಿಗೆಯ ಭೇದವನ್ನೂ ಮರೆಯಬಾರದು. ನಮ್ಮ ಶಾಲೆಗಳಲ್ಲಿ ಕಲಿಸುವುದು ಬ್ರಿಟಿಷ್ ಕಾಗುಣಿತ. ಕಲರ್ ಪದದಲ್ಲಿ ಯು ಇದೆ, ಸೆಂಟರ್ ಪದ ಆರ್, ಇ ಎಂದು ಮುಗಿಯುತ್ತದೆ. ಅಮೆರಿಕದ ಪಟ್ಟಿಯಲ್ಲಿ ಯು ಇರುವ ಕಲರ್ ಸಿಗದಿದ್ದರೆ ಅದು ದೋಷವಲ್ಲ, ಪಟ್ಟಿಯ ಆಯ್ಕೆ. ಡೆಬಿಯನ್‌ನಲ್ಲಿ ಬ್ರಿಟಿಷ್ ಪಟ್ಟಿ ಪ್ರತ್ಯೇಕವಾಗಿ ದೊರೆಯುತ್ತದೆ.

ಇನ್ನು ಕಡತದ ಒಳಗಿನ ಕಾಣದ ಚಿಹ್ನೆಗಳು. ವಿಂಡೋಸ್‌ನಲ್ಲಿ ಉಳಿಸಿದ ಕಡತದ ಪ್ರತಿ ಸಾಲಿನ ಕೊನೆಗೆ ಎರಡು ನಿಯಂತ್ರಣ ಚಿಹ್ನೆಗಳಿರುತ್ತವೆ, ಲಿನಕ್ಸ್‌ನಲ್ಲಿ ಒಂದೇ. ವಿಂಡೋಸ್‌ನಿಂದ ಬಂದ ಪಟ್ಟಿಯನ್ನು ಲಿನಕ್ಸ್‌ನಲ್ಲಿ ಓದಿದಾಗ ಪ್ರತಿ ಪದದ ಬಾಲಕ್ಕೂ ಒಂದು ಹೆಚ್ಚಿನ ಚಿಹ್ನೆ ಉಳಿಯುತ್ತದೆ. ಅಕ್ಷರ ಇದೆಯೇ ಎಂದು ಕೇಳಿದರೆ ತೊಂದರೆ ಕಾಣುವುದಿಲ್ಲ. ಏಳಕ್ಷರದ ಪದ ಕೇಳಿದರೆ ಆರಕ್ಷರದ್ದು ಬರುತ್ತದೆ, ಡಾಲರ್ ಚಿಹ್ನೆ ಹಾಕಿ "ಇಂತಹ ಅಕ್ಷರದಿಂದ ಮುಗಿಯುವ ಪದ" ಎಂದು ಕೇಳಿದರೆ ಏನೂ ಬರುವುದಿಲ್ಲ. ಕೆಲವೊಮ್ಮೆ ಒಂದೇ ಒಂದು ಪದ ಸಿಗುತ್ತದೆ, ನೋಡಿದರೆ ಅದು ಕಡತದ ಕೊನೆಯ ಪದ. ಕೊನೆಯ ಸಾಲಿಗೆ ಮಾತ್ರ ಆ ಬಾಲವಿರಲಿಲ್ಲ. ಲಿನಕ್ಸ್‌ನ ಕ್ಯಾಟ್ ಆಜ್ಞೆಗೆ ದೊಡ್ಡಕ್ಷರದ ಎ ಆಯ್ಕೆ ಕೊಟ್ಟು ಕಡತವನ್ನು ತೆರೆದರೆ ಪ್ರತಿ ಸಾಲಿನ ಕೊನೆಯಲ್ಲಿ ಈ ಚಿಹ್ನೆ ಕಣ್ಣಿಗೆ ಬೀಳುತ್ತದೆ. ಇದಕ್ಕೆ ವಿರುದ್ಧವಾಗಿ ಪಟ್ಟಿಯ ಮೊದಲ ಪದವೊಂದೇ ಸಿಗದಿದ್ದರೆ ಕಡತದ ತಲೆಯಲ್ಲಿ ಕೂರುವ ಮೂರು ಬೈಟ್‌ಗಳ ಯುಟಿಎಫ್-8 ಗುರುತನ್ನು (ಪಠ್ಯದ ಸಂಕೇತ ಪದ್ಧತಿಯನ್ನು ಸಾರುವ ಕಾಣದ ಚಿಹ್ನೆ) ಹುಡುಕಿ.

ಕೆಫೆ ಪದದ ಕೊನೆಯ ಇ ಮೇಲೆ ಗೆರೆ ಇರುವ ಬರವಣಿಗೆ ಉಬುಂಟು ಪಟ್ಟಿಯಲ್ಲಿದೆ. ಬರಿಯ ಇ ಕೇಳಿದರೆ ಅದು ಸಿಗುವುದಿಲ್ಲ. ಅಲ್ಲದೆ ಆ ಗೆರೆಯುಳ್ಳ ಅಕ್ಷರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಅಕ್ಷರ ಮತ್ತು ಗೆರೆ ಎಂದು ಎರಡಾಗಿಯೂ ಇಡಬಹುದು. ಕನ್ನಡದ ಓತ್ವಕ್ಕೂ ಹೀಗೆಯೇ ಇಡಿಯಾದ ಒಂದು ರೂಪ, ಬಿಡಿಸಿಟ್ಟ ಇನ್ನೊಂದು ರೂಪ ಇರುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ಹುಡುಕುವ ಮೊದಲು ಪಟ್ಟಿಯನ್ನೂ ಪ್ರಶ್ನೆಯನ್ನೂ ಒಂದೇ ರೂಪಕ್ಕೆ ತರಬೇಕು.

ಪದ ಸಿಕ್ಕಿಯೂ ಆಟ ಒಪ್ಪದಿರುವುದಕ್ಕೆ ಕಾರಣ ಸರಳ: ಆಟಕ್ಕೆ ಅದರದೇ ಪಟ್ಟಿ ಇರುತ್ತದೆ. ಸ್ಪೆಲ್ಲಿಂಗ್ ಬೀ ಸಂಪಾದಕರು ಅಪರೂಪದ ಪದಗಳನ್ನು ಬಿಟ್ಟುಬಿಡುತ್ತಾರೆ. ಸ್ಕ್ರಾಬಲ್ ಸ್ಪರ್ಧೆಗಳಲ್ಲಿ ಉತ್ತರ ಅಮೆರಿಕದ ಪಟ್ಟಿ ಬೇರೆ, ಇತರೆಡೆ ಬಳಸುವ ಕಾಲಿನ್ಸ್ ಪಟ್ಟಿ ಬೇರೆ. ಇಲ್ಲಿ ತಿದ್ದಬೇಕಾದ್ದು ಏನೂ ಇಲ್ಲ, ಆಟಕ್ಕೆ ತಕ್ಕ ಪಟ್ಟಿ ತರಬೇಕು.

ನನ್ನ ಕಡತದಲ್ಲಿ ಬಾಲವೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಕೊನೆಗೆ ಫಲಿತಾಂಶವನ್ನು ವರ್ಣಮಾಲೆಯ ಕ್ರಮದಲ್ಲಿಟ್ಟು ಅದರ ಕೊನೆಯ ಪದವನ್ನು ನೋಡಿದೆ. ಅದು ಜಿ ಅಕ್ಷರದ ಪದ. ಎಚ್‌ನಿಂದ ಝಡ್‌ವರೆಗೆ ಒಂದು ಪದವೂ ಇರಲಿಲ್ಲ, ಅಷ್ಟು ದಿನ ನನ್ನ ಗಮನ ಸೆಕ್ವೋಯದ ಮೇಲಷ್ಟೇ ಇತ್ತು. ಕಡತದ ಸಾಲುಗಳನ್ನು ಎಣಿಸಿದಾಗ 65,536 ಬಂತು. ಆ ಸಂಖ್ಯೆಯನ್ನು ಕಂಡ ಕೂಡಲೇ ಎಲ್ಲವೂ ಅರ್ಥವಾಯಿತು: ಎಕ್ಸೆಲ್‌ನ ಹಳೆಯ ಕಡತರೂಪದ ಒಂದು ಹಾಳೆ ಹಿಡಿಯಬಲ್ಲ ಸಾಲುಗಳು ಅಷ್ಟೇ. 2007ರ ಆವೃತ್ತಿಯಿಂದ ಈಚೆಗೆ ಆ ಮಿತಿ 10,48,576 ಆಗಿದೆ, ಆದರೆ ಹಳೆಯ ರೂಪದಲ್ಲಿ ಉಳಿಸಿದರೆ ಈಗಲೂ ಹಳೆಯ ಮಿತಿಯೇ. ಪದಗಳಿಗೆ ಅರ್ಥ ಬರೆದುಕೊಳ್ಳಲೆಂದು ಯಾರೋ ಪಟ್ಟಿಯನ್ನು ಹಾಳೆಯಲ್ಲಿ ತೆರೆದು ಹಳೆಯ ರೂಪದಲ್ಲಿ ಉಳಿಸಿದ್ದರು. ಅದನ್ನೇ ಮತ್ತೆ ಪಠ್ಯವಾಗಿಸಿ ನನಗೆ ಕೊಟ್ಟಿದ್ದರು. ಲಕ್ಷಕ್ಕೂ ಹೆಚ್ಚು ಪದಗಳು ಆ ದಾರಿಯಲ್ಲಿ ಉದುರಿಹೋಗಿದ್ದವು. ಉಳಿದವುಗಳಲ್ಲಿಯೂ ಫಾಲ್ಸ್ (ಎಫ್, ಎ, ಎಲ್, ಎಸ್, ಇ) ಎಂಬ ಪದವನ್ನು ಎಕ್ಸೆಲ್ ತರ್ಕಮೌಲ್ಯವೆಂದು ಓದಿ ಪೂರ್ತಿ ದೊಡ್ಡಕ್ಷರವಾಗಿಸಿತ್ತು, ಹಾಗಾಗಿ ಸಣ್ಣಕ್ಷರದ ಹುಡುಕಾಟಕ್ಕೆ ಅದು ಸಿಗುತ್ತಿರಲಿಲ್ಲ.

ಮೂಲ ಪಟ್ಟಿಯನ್ನು ಮತ್ತೆ ಇಳಿಸಿಕೊಂಡು, ಹಾಳೆಯಲ್ಲಿ ತೆರೆಯದೆ ನೇರವಾಗಿ ಪ್ರೋಗ್ರಾಂಗೆ ಕೊಟ್ಟೆ. ಈಗ ಪ್ರತಿ ಸಲ ಹುಡುಕಾಟ ಶುರುವಾಗುವ ಮುನ್ನ ಪ್ರೋಗ್ರಾಂ ಪಟ್ಟಿಯ ಸಾಲುಗಳ ಎಣಿಕೆ, ಮೊದಲ ಪದ, ಕೊನೆಯ ಪದ ಮೂರನ್ನೂ ಪರದೆಯ ಮೇಲೆ ಬರೆಯುತ್ತದೆ. ಮುಂದಿನ ಭಾನುವಾರ ಸೆಕ್ವೋಯ ಪದವನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ಬರೆದು, ಅದರ ಸ್ವರಗಳಿಗೆ ಮಕ್ಕಳಿಂದಲೇ ಒಂದೊಂದಾಗಿ ಗೆರೆ ಎಳೆಸಿದೆ.